ಹಕ್ಕಳೆ ಕೀಳಬಾರದು

ಮಗಳು ಬಾಗಿಲಲ್ಲಿ ನಿಂತಿದ್ದಳು. ಯಾರೂ ಏನೂ ಕೇಳುವ ಮೊದಲೇ "ಏನೂ ಆಗಿಲ್ಲ" ಎಂದಳು. ಹದಿಮೂರು ವರ್ಷದವರು ಹೀಗೆ ಹೇಳಿದರೆ ಏನೋ ಆಗಿದೆ ಎಂದೇ ಅರ್ಥ. ಪ್ಯಾಂಟು ಮೊಣಕಾಲ ಹತ್ತಿರ ಹರಿದಿತ್ತು. ತಲೆಗೂದಲಲ್ಲಿ ಒಂದು ಒಣ ಎಲೆ.

"ಏನಮ್ಮಾ ಇದು?"

"ಟೇಬಲ್ ತಾಗಿತು ಅಪ್ಪ."

ಟೇಬಲ್ಲಿಗೆ ಅಷ್ಟೊಂದು ಕೆಸರು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ನನ್ನ ಕಾಲದಲ್ಲಿ ಅದು ಬಾಗಿಲಾಗಿತ್ತು. ಮೊಣಕೈ ತರಚಿದರೂ ಬಾಗಿಲು, ಹಣೆ ಊದಿದರೂ ಬಾಗಿಲು. ಎರಡು ವರ್ಷ ಆ ಬಾಗಿಲು ನನ್ನ ಎಲ್ಲ ತಪ್ಪನ್ನೂ ಹೊತ್ತು ನಿಂತಿತ್ತು, ಪಾಪ.

ಹಾಗಂತ ಎಲ್ಲವೂ ಸುಳ್ಳಲ್ಲ. ಬಾಗಿಲೂ ಆಗಾಗ ನಿಜವಾಗಿ ತಾಗುತ್ತಿತ್ತು. ಹುಡುಗರು ಅತಿ ವೇಗವಾಗಿ ಉದ್ದವಾಗುವುದು 14ರ ಆಸುಪಾಸಿನಲ್ಲಿ. ಹುಡುಗಿಯರು ಅದಕ್ಕೆ ಸುಮಾರು 2 ವರ್ಷ ಮೊದಲೇ. ಆ ಭರದಲ್ಲಿ ಹುಡುಗರು ವರ್ಷಕ್ಕೆ 9-10 ಸೆಂಟಿಮೀಟರ್ ಏರುವುದುಂಟು. ಮೈಯೆಲ್ಲ ಒಟ್ಟಿಗೆ ಬೆಳೆದಿದ್ದರೆ ಹೇಗೋ ಸುಧಾರಿಸಿಕೊಳ್ಳಬಹುದಿತ್ತು. ಆದರೆ ಮೊದಲು ಬೆಳೆಯುವುದು ಪಾದ. ಆಮೇಲೆ ಕಾಲು. ಮುಂಡದ ಸರದಿ ಕೊನೆಗೆ. ಹೀಗಾಗಿ ನನ್ನ ಪಾದ ನನಗಿಂತ ಮೊದಲೇ ಎಲ್ಲ ಕಡೆ ಹೋಗಿ ಮುಟ್ಟುತ್ತಿತ್ತು. ಮಂಚದ ಕಾಲು, ಮೆಟ್ಟಿಲು, ಯಾರೋ ಇಟ್ಟ ಬಕೆಟ್. "ನೋಡ್ಕೊಂಡು ನಡಿಯೋ" ಎನ್ನುತ್ತಿದ್ದರು ಅಮ್ಮ. ನೋಡಿಕೊಂಡೇ ನಡೆಯುತ್ತಿದ್ದೆ. ಕಳೆದ ವರ್ಷದ ಕಾಲಿನ ಅಳತೆ ಇಟ್ಟುಕೊಂಡು ನಡೆಯುತ್ತಿದ್ದೆ, ಅಷ್ಟೇ.

ಇನ್ನು ಮನೆಯ ಹೊರಗೆ ಈ ಕಾಲುಗಳು ಮಾಡಿದ್ದರ ಲೆಕ್ಕ ಈಗಲೂ ನನ್ನ ಮೊಣಕಾಲುಗಳ ಮೇಲಿದೆ. ಮೂರು ಕಲೆಗಳು.

ಕಲೆ ಉಳಿದದ್ದು ಬಿದ್ದದ್ದಕ್ಕಲ್ಲ, ಹಕ್ಕಳೆ ಕಿತ್ತಿದ್ದಕ್ಕೆ. ಹಕ್ಕಳೆ ಮೊದಲ ದಿನ ಕೆಂಪು. ಮಾರನೆಯ ದಿನ ಕಂದು. ನಾಲ್ಕೈದು ದಿನಕ್ಕೆ ಅಂಚು ಒಣಗಿ, ಒಂದೇ ಒಂದು ಮೂಲೆ ಸ್ವಲ್ಪ ಎದ್ದು ನಿಲ್ಲುತ್ತದೆ. ತುರಿಕೆ ಶುರುವಾಗುವುದು ಆಗಲೇ. ಉಗುರು ತಾನಾಗಿ ಅಲ್ಲಿಗೆ ಹೋಗುತ್ತದೆ. ಲೆಕ್ಕದ ಪಾಠ ನಡೆಯುವಾಗಂತೂ ಜಾಸ್ತಿ. ಸುಮ್ನೆ ಮುಟ್ಟಿ ನೋಡೋಣ ಅಂತ ಮುಟ್ಟುತ್ತೇವೆ. ಸ್ವಲ್ಪ ಎತ್ತಿ ನೋಡುತ್ತೇವೆ. ನಡುವಿನ ಭಾಗ ಇನ್ನೂ ಕಚ್ಚಿಕೊಂಡಿರುತ್ತದೆ. ಚುರ್ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ. "ಹಕ್ಕಳೆ ಕೀಳಬಾರದು, ಕಲೆ ಉಳಿಯುತ್ತೆ" ಎಂದು ಅಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಉಳಿಯಿತು.

ಅಂದಹಾಗೆ, 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕ ಹಂದಿಗಳ ಮೈಮೇಲಿನ ಗಾಯಗಳನ್ನು ಪರೀಕ್ಷಿಸಿ, ಒಣಗಿ ಹಕ್ಕಳೆಗಟ್ಟಿದ ಗಾಯಕ್ಕಿಂತ ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡುತ್ತದೆ ಎಂದು ತೋರಿಸಿದ್ದ. ನಾವು "ಗಾಳಿಗೆ ಬಿಡು, ಒಣಗಲಿ" ಎಂಬ ಮನೆಗಳಲ್ಲಿ ಬೆಳೆದವರು. ಹಂದಿಗಳಿಗೆ ಸಿಕ್ಕ ಉಪಚಾರ ನಮಗೆ ಸಿಗಲಿಲ್ಲ.

ಎಡಗಾಲಿನ ಉದ್ದ ಕಲೆ ಸೈಕಲ್ಲಿನದು. ಇಳಿಜಾರಿತ್ತು. ಎರಡೂ ಕೈ ಬಿಟ್ಟಿದ್ದೆ. ನೋಡುವವರಿದ್ದರು. ಇಷ್ಟು ಹೇಳಿದರೆ ಸಾಕು, ಮಿಕ್ಕಿದ್ದು ಎಲ್ಲರಿಗೂ ಗೊತ್ತು.

ಅದರ ಪಕ್ಕದ್ದು ಹಳ್ಳದ್ದು. ಚಪ್ಪಟೆ ಕಲ್ಲು ಆರಿಸಿ ನೀರಿನ ಮೇಲೆ ಕುಪ್ಪಳಿಸುವ ಹಾಗೆ ಎಸೆಯುತ್ತಿದ್ದೆವು. 2013ರಲ್ಲಿ ಅಮೆರಿಕದ ಕರ್ಟ್ ಸ್ಟೈನರ್ ಎಸೆದ ಕಲ್ಲು 88 ಸಲ ಹಾರಿ ದಾಖಲೆಯಾಯಿತು. ನನ್ನದು ನಾಲ್ಕು. ನಾಲ್ಕನೆಯದರ ಬಗ್ಗೆ ಗೆಳೆಯನಿಗೆ ಇವತ್ತಿಗೂ ಅನುಮಾನ. ಆ ಅನುಮಾನ ತೀರಿಸಲೆಂದೇ ನೀರಿನ ನಡುವಿನ ಬಂಡೆ ಹತ್ತಿದೆ. ಬಂಡೆಯ ಮೇಲೆ ಪಾಚಿ ಇತ್ತು. ಕಲ್ಲು ಒಂದು ಕಡೆ ಹೋಯಿತು, ನಾನು ಒಂದು ಕಡೆ, ಎಡಗಾಲಿನ ಚಪ್ಪಲಿ ಇನ್ನೊಂದು ಕಡೆ.

ಚಪ್ಪಲಿ ಮುಳುಗಲಿಲ್ಲ. ಆರಾಮಾಗಿ ತೇಲಿಕೊಂಡು ಹೊರಟಿತು. ನಾವು ದಡದಲ್ಲಿ ಓಡಿದೆವು. ಗೆಳೆಯ ಎರಡು ಕಾಲಲ್ಲಿ, ನಾನು ಒಂದೂವರೆ ಕಾಲಲ್ಲಿ. ಒಂದು ತಿರುವಿನಲ್ಲಿ ಅದು ಮರದ ಬೇರಿಗೆ ಸಿಕ್ಕಿಕೊಂಡು ನಿಂತಿತು. ಹತ್ತಿರ ಹೋಗಿ ಕೈ ಚಾಚಿದೆ. ಒಂದು ಸುತ್ತು ತಿರುಗಿತು, ನಮ್ಮನ್ನೊಮ್ಮೆ ನೋಡಿದ ಹಾಗಾಯಿತು, ಮತ್ತೆ ಹೊರಟಿತು. "ಅದಕ್ಕೆ ಮನೆಗೆ ಬರೋಕೆ ಇಷ್ಟ ಇಲ್ಲ ಕಣೋ" ಎಂದ ಗೆಳೆಯ.

"ಇನ್ನೊಂದು ಚಪ್ಪಲಿ ಎಲ್ಲೋ?" ಅಮ್ಮ ಕೇಳಿದರು. ಅಭ್ಯಾಸಬಲ, ಬಾಯಿ ತೆರೆದೆ. ಬಾಗಿಲು ಚಪ್ಪಲಿ ತಿನ್ನುವುದಿಲ್ಲ ಎಂದು ಅಷ್ಟರಲ್ಲಿ ಹೊಳೆಯಿತು.

ಬಲಗಾಲಿನದಕ್ಕೆ ಗುಡ್ಡ ಕಾರಣ. ಅಥವಾ "ನಂಗೆ ಅಡ್ಡದಾರಿ ಗೊತ್ತು" ಎಂಬ ನನ್ನ ಮಾತು ಕಾರಣ. ಮರಗಳ ನಡುವೆ ನೇರ ನಡೆದೆವು. ಸುಮಾರು ಹೊತ್ತಿನ ಮೇಲೆ ಒಂದು ಸೀಳು ಬಂಡೆ ಸಿಕ್ಕಿತು. ಕೂತು ಬೆವರು ಒರೆಸಿಕೊಂಡು ಮುಂದೆ ಹೋದೆವು. ಮತ್ತೊಂದು ಸೀಳು ಬಂಡೆ. "ಈ ಗುಡ್ಡದಲ್ಲಿ ಇಂಥವು ಜಾಸ್ತಿ" ಎಂದು ವಿವರಿಸಿದೆ. ಮೂರನೆಯ ಸೀಳು ಬಂಡೆಯ ಮೇಲೆ ನನ್ನ ಕರ್ಚೀಫು ಒಣಗುತ್ತಿತ್ತು.

ಯಾನ್ ಸೌಮನ್ ಎಂಬ ಸಂಶೋಧಕ ಮತ್ತು ಸಂಗಡಿಗರು ಜರ್ಮನಿಯ ಒಂದು ಕಾಡಿನಲ್ಲಿಯೂ ಸಹಾರಾ ಮರುಭೂಮಿಯಲ್ಲಿಯೂ ಜನರನ್ನು ನೇರ ನಡೆಯಲು ಬಿಟ್ಟು ನೋಡಿದರು. ಕಾಡಿನಲ್ಲಿ ಬಿಸಿಲಿದ್ದಾಗ ನೇರ ನಡೆದರು. ಮೋಡ ಮುಚ್ಚಿದಾಗ ಸುತ್ತು ಹೊಡೆದರು, ಸುತ್ತುತ್ತಿದ್ದೇವೆಂಬುದೇ ತಿಳಿಯದೆ. 2009ರ ವರದಿ ಅದು. ಓದಿದ ಕೂಡಲೇ ಗೆಳೆಯನಿಗೆ ಕಳಿಸಿದೆ. ಅವತ್ತು ಮೋಡ ಇತ್ತು ಅಲ್ವಾ? ಇಷ್ಟು ವರ್ಷದ ಮೇಲೆ ನನ್ನ ಪರ ಒಂದು ಸಾಕ್ಷಿ ಸಿಕ್ಕಿತ್ತು. "ಸರಿ, ಆದ್ರೆ ಅಡ್ಡದಾರಿ ಗೊತ್ತು ಅಂದಿದ್ದು ಯಾರು?" ಎಂದು ಉತ್ತರ ಬಂತು.

ಕೊನೆಗೆ ಎಲ್ಲೋ ವಾಹನದ ಸದ್ದು ಕೇಳಿ ಆ ಕಡೆಗೆ ಓಡಿದ್ದೆವು. ಇಳಿಜಾರಿನಲ್ಲಿ, ಸಡಿಲ ಕಲ್ಲಿನ ಮೇಲೆ, ಖುಷಿಯಲ್ಲಿ.

ಮಗಳನ್ನು ಕೂರಿಸಿ ಗಾಯ ತೊಳೆದೆ. ನೀರು ಸೋಕಿದಾಗ ಹಲ್ಲು ಕಚ್ಚಿ ಉಸಿರು ಎಳೆದುಕೊಂಡಳು. ಕಾಲುಂಗುಟದ ಉಗುರಿನಲ್ಲಿ ಹಸಿರು ಪಾಚಿ ಇತ್ತು. ಅದನ್ನೂ ತೊಳೆದೆ. ಒರೆಸಿ, ಮುಲಾಮು ಹಚ್ಚಿ, ಪಟ್ಟಿ ಅಂಟಿಸಿದೆ. ಹಂದಿಗಳಿಗೆ ಸಿಕ್ಕಿದ್ದು ಇವಳಿಗಾದರೂ ಸಿಗಲಿ. ಅವಳ ಕಣ್ಣು ಅಷ್ಟರಲ್ಲಿ ನನ್ನ ಮೊಣಕಾಲಿನ ಮೇಲೆ ಬಿದ್ದಿತ್ತು.

"ಇದು ಹೇಗಾಯ್ತು ಅಪ್ಪ?"

"ಬಾಗಿಲು ತಾಗಿತ್ತು."

"ಮೂರೂ?"

"ಮೂರೂ."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ತಲೆಯಲ್ಲಿದ್ದ ಎಲೆಯನ್ನು ತೆಗೆದು ಮೆಲ್ಲಗೆ ಜೇಬಿಗೆ ಹಾಕಿಕೊಂಡಳು.

"ನಮ್ಮ ಟೇಬಲ್ಲೂ ಹಂಗೇ ಅಪ್ಪ, ಸ್ವಲ್ಪ ಸರಿ ಇಲ್ಲ" ಎಂದಳು.