ಅರಿಷಡ್ವರ್ಗಕ್ಕೆ ಸುಲಭ ಕಂತು

ಬೆಳಗಿನ ಹೊತ್ತು ಯಾವುದಾದರೂ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ನಿಂತ ಬೈಕುಗಳ ಹೆಸರು ಓದುತ್ತಾ ಹೋದರೆ, ಊರಿಗೆ ಒಂದು ಪೊಲೀಸ್ ತುಕಡಿ ಕರೆಸುವುದು ಒಳ್ಳೆಯದು ಎನ್ನಿಸುತ್ತದೆ. ಬೇಟೆಗೆ ಹೊರಟ ಹಂಟರ್, ದಾಳಿಗೆ ಸಜ್ಜಾದ ರೇಡರ್, ಸೇಡಿಗೆ ಕಾದ ಅವೆಂಜರ್, ಹೇಳದೆ ಕೇಳದೆ ಒಳನುಗ್ಗುವ ಇಂಟ್ರೂಡರ್, ಇವರಲ್ಲಿ ಯಾರ ಕೈಗಾದರೂ ಸಿಗಲಿ ಎಂದು ಒಂದು ಶಾಟ್‌ಗನ್. ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಎಲಿಮಿನೇಟರ್, ಗ್ಲಾಡಿಯೇಟರ್‌ಗಳೂ ಉಳಿದಿರಬಹುದು. ಭಾರತೀಯ ನ್ಯಾಯ ಸಂಹಿತೆಯ ಅರ್ಧ ಸೆಕ್ಷನ್‌ಗಳು ಸೈಡ್ ಸ್ಟ್ಯಾಂಡ್ ಹಾಕಿಕೊಂಡು ಬಿಸಿಲು ಕಾಯಿಸುತ್ತಿವೆ.

ಸ್ವಲ್ಪ ಹೊತ್ತಿಗೆ ಈ ಉಗ್ರರ ಮಾಲೀಕರು ಬರುತ್ತಾರೆ. ಒಬ್ಬರು ಪಿಗ್ಮಿ ಏಜೆಂಟ್. ಇನ್ನೊಬ್ಬರು ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಟವರು. ಮತ್ತೊಬ್ಬರು ಪ್ರಾಥಮಿಕ ಶಾಲೆಯ ಮೇಷ್ಟರು. ಅವರು ಅವೆಂಜರಿನ ಹ್ಯಾಂಡಲಿಗೆ ಊಟದ ಚೀಲ ಸಿಕ್ಕಿಸಿ, ಹಿಂದೆ ಮುಂದೆ ನೋಡಿ, ಮೂವತ್ತರ ವೇಗದಲ್ಲಿ ಸೇಡು ತೀರಿಸಿಕೊಳ್ಳಲು ಹೊರಡುತ್ತಾರೆ.

ಬುಲೆಟ್ಟಿನ ಮಾತು ಬೇರೆ. ಇಂಗ್ಲೆಂಡಿನ ಎನ್‌ಫೀಲ್ಡ್‌ನಲ್ಲಿದ್ದ ಸರ್ಕಾರಿ ಬಂದೂಕು ಕಾರ್ಖಾನೆಗೆ ಬಿಡಿಭಾಗ ಒದಗಿಸಿ ಆ ಹೆಸರು ಸಂಪಾದಿಸಿದ ಕಂಪನಿ ಅದು. 1932ರಲ್ಲಿ ತನ್ನ ಬೈಕನ್ನು ಬುಲೆಟ್ ಎಂದು ಕರೆದಾಗ ಅದಕ್ಕೆ ಕಾರಣವಾದರೂ ಇತ್ತು. ಉಳಿದವರು ಯಾವ ಯುದ್ಧ ಕಂಡವರೋ ತಿಳಿಯದು.

ಯುದ್ಧವೇ ಬೇಡ ಎನ್ನುವ ಸಂಸಾರಸ್ಥರಿಗೆ ಹೀರೋ ಹೋಂಡಾ ಇನ್ನೊಂದು ದಾರಿ ತೆರೆಯಿತು. 1985ರಲ್ಲಿ ಬಂದ ಅದರ ಮೊದಲ ಬೈಕಿನ ಹೆಸರು ಬರಿಯ ಸಿಡಿ 100. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂದಿತು ಜಾಹೀರಾತು. ಜನ ಹಾಗೆಯೇ ಮಾಡಿದರು. ಗಿರಾಕಿ ಇಷ್ಟು ಸುಲಭವಾಗಿ ತೃಪ್ತನಾಗಿ ಕುಳಿತರೆ ವ್ಯಾಪಾರ ನಡೆಯುವುದು ಹೇಗೆ? ಹಾಗಾಗಿ ಪ್ಯಾಶನ್ ಬಂತು, ಆಂಬಿಷನ್ ಬಂತು, ಗ್ಲಾಮರ್ ಬಂತು, ಸ್ಕೂಟರಿನ ರೂಪದಲ್ಲಿ ಪ್ಲೆಷರ್ ಕೂಡ ಬಂತು. ಕಾಮ, ಲೋಭ, ಮದ, ಮೋಹ. ದಾಸರು ಗೆಲ್ಲಲು ಜೀವಮಾನ ಸವೆಸಿದ ಅರಿಷಡ್ವರ್ಗದಲ್ಲಿ ನಾಲ್ಕನ್ನು ಷೋರೂಮಿನವರು ಸುಲಭ ಕಂತಿನ ಮೇಲೆ, ನಿಂಬೆಹಣ್ಣನ್ನೂ ತಾವೇ ಚಕ್ರದ ಕೆಳಗಿಟ್ಟು, ಮನೆಗೆ ಕಳಿಸಿಕೊಟ್ಟರು. ಉಳಿದ ಎರಡನ್ನು ತಯಾರಿಸುವ ಅಗತ್ಯವೇ ಬೀಳಲಿಲ್ಲ. ಕ್ರೋಧವನ್ನು ಸಿಲ್ಕ್ ಬೋರ್ಡ್ ಸಿಗ್ನಲ್ ಒದಗಿಸುತ್ತದೆ, ಮಾತ್ಸರ್ಯವನ್ನು ಎದುರುಮನೆಯವರ ಹೊಸ ಗಾಡಿ.

ಈ ವಂಶದ ಕುಲದೀಪಕ ಸ್ಪ್ಲೆಂಡರ್. 1994ರಲ್ಲಿ ಹುಟ್ಟಿದ್ದು. ಆಮೇಲೆ ಸ್ಪ್ಲೆಂಡರ್ ಪ್ಲಸ್, ಸೂಪರ್ ಸ್ಪ್ಲೆಂಡರ್, ಸ್ಪ್ಲೆಂಡರ್ ಎನ್‌ಎಕ್ಸ್‌ಜಿ, ಸ್ಪ್ಲೆಂಡರ್ ಪ್ರೊ, ಸ್ಪ್ಲೆಂಡರ್ ಐಸ್ಮಾರ್ಟ್, ಸ್ಪ್ಲೆಂಡರ್ ಪ್ಲಸ್ ಎಕ್ಸ್‌ಟೆಕ್, ಅದೂ ಸಾಲದೆ ಸ್ಪ್ಲೆಂಡರ್ ಪ್ಲಸ್ ಎಕ್ಸ್‌ಟೆಕ್ 2.0. ಈ ಕೊನೆಯದರ ಹೊಟ್ಟೆಯೊಳಗೂ ಇರುವುದು ಅದೇ 97.2 ಸಿಸಿ ಎಂಜಿನ್, ಸುಮಾರು ಎಂಟು ಅಶ್ವಶಕ್ತಿ. ಕುದುರೆ ಎಂಟೇ, ಬಿರುದು ಮಾತ್ರ ಬೆಳೆಯುತ್ತಲೇ ಇದೆ. ವಿಜಯನಗರದ ಅರಸರೂ ಶಾಸನದಲ್ಲಿ 'ಮೂರುರಾಯರ ಗಂಡ' ಎಂದು ಕೆತ್ತಿಸಿಕೊಳ್ಳುತ್ತಿದ್ದರು, ನಿಜ. ಅವರು ಅದಕ್ಕಾಗಿ ಯಾರ ಮೇಲಾದರೂ ದಂಡೆತ್ತಿ ಹೋಗಬೇಕಿತ್ತು. ಇಲ್ಲಿ ಮೀಟರ್ ಡಿಜಿಟಲ್ ಆದರೆ ಸಾಕು.

ಇಂಗ್ಲಿಷಿನ ಎಕ್ಸ್ ಅಕ್ಷರದ ಮೇಲೆ ಈ ಮಂದಿಗಿರುವ ಭಕ್ತಿ ಬೇರೆಯೇ ಅಧ್ಯಯನದ ವಿಷಯ. ಎಕ್ಸ್‌ಟ್ರೀಮ್, ಎಕ್ಸ್‌ಪಲ್ಸ್ ಆಯಿತು; ಕೊನೆಗೆ ಝೂಮ್ ಎಂಬ ಸ್ಕೂಟರಿಗೂ ಎಕ್ಸ್‌ನಿಂದಲೇ ಶುರು. ಕನ್ನಡದಲ್ಲಿ ಬರೆದರೆ ಈ ಶೌರ್ಯವೆಲ್ಲ ಆವಿಯಾಗುತ್ತದೆ. ನಮ್ಮ ಲಿಪಿಯಿಂದ ಇಂಥ ಉಪಕಾರವೂ ಉಂಟು.

ರಾಜಮನೆತನದ ಕತೆ ಇನ್ನೂ ಸ್ವಾರಸ್ಯದ್ದು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಹತ್ತು ವರ್ಷದ ನಂತರ, 1971ರಲ್ಲಿ, ಸಂವಿಧಾನದ 26ನೇ ತಿದ್ದುಪಡಿ ಅರಸರ ಮಾನ್ಯತೆಯನ್ನೂ ರಾಜಧನವನ್ನೂ ರದ್ದು ಮಾಡಿತು. 1973ರಲ್ಲಿ ಜಾವಾ ಯೆಜ್ಡಿಯಾಯಿತು. ದೇಶದಲ್ಲಿ ಅಧಿಕೃತವಾಗಿ ಒಬ್ಬ ರಾಜನೂ ಉಳಿಯದ ಮೇಲೆ ಯಾದವಗಿರಿಯ ಗೇಟಿನಿಂದ ರಾಜರು ಸಾಲಾಗಿ ಹೊರಬಿದ್ದರು: ರೋಡ್ ಕಿಂಗ್, ಮೊನಾರ್ಕ್, ಆಯಿಲ್ ಕಿಂಗ್. ಈ ಆಯಿಲ್ ಕಿಂಗ್‌ನ ಪಟ್ಟಾಭಿಷೇಕಕ್ಕೆ ಕಾರಣ ಕೇಳಿದರೆ ಯಾರಿಗಾದರೂ ಗೌರವ ಹುಟ್ಟಬೇಕು. ಟೂ ಸ್ಟ್ರೋಕ್ ಬೈಕುಗಳಿಗೆ ಪೆಟ್ರೋಲ್ ಬಂಕಿನಲ್ಲಿ ಆಯಿಲ್ ಅಳೆದು ಬೆರೆಸಬೇಕಿತ್ತಲ್ಲ, ಆ ಕೆಲಸವನ್ನು ಇದರಲ್ಲಿ ಒಂದು ಪುಟ್ಟ ಪಂಪ್ ತಾನೇ ಮಾಡಿಕೊಳ್ಳುತ್ತಿತ್ತು. ಅಷ್ಟಕ್ಕೆ ಸಿಂಹಾಸನ.

ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ರದ್ದಾದ ಪದವಿ ಮಾತ್ರ ಖಾಲಿ ಉಳಿಯಲಿಲ್ಲ. 2020ರಲ್ಲಿ ಹೋಂಡಾ ತನ್ನ 350 ಸಿಸಿ ಬೈಕಿಗೆ 'ಹೈನೆಸ್' ಎಂದೇ ಹೆಸರಿಟ್ಟಿತು. ಸಂಸತ್ತು ಕಿತ್ತುಕೊಂಡದ್ದನ್ನು ಡೀಲರ್ ಹಿಂದಿರುಗಿಸಿದ. ಈಗ ಆರ್‌ಟಿಒ ಕಚೇರಿಯ ಸಾಲಿನಲ್ಲಿ ಅಪ್ಪಣೆಗೆ ಕಾದು ನಿಂತ ಘನತೆವೆತ್ತವರು ಬೇಕಾದಷ್ಟು ಜನ ಸಿಗುತ್ತಾರೆ.

ಬಜಾಜ್ ಭೂಮಿಯನ್ನೇ ಬಿಟ್ಟು ಮೇಲೆ ನೋಡಿತು. ಪಲ್ಸಾರ್ ಎಂಬುದು ಗಿರ್ರನೆ ತಿರುಗುವ ನಕ್ಷತ್ರ. ಅದರ ಸಂಕೇತವನ್ನು 1967ರಲ್ಲಿ ಮೊದಲು ಗುರುತಿಸಿದವರು ಜೋಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ. ನೊಬೆಲ್ ಅವರ ಮಾರ್ಗದರ್ಶಕರಿಗೆ ಹೋಯಿತು, ಹೆಸರು ಪುಣೆಯ ಬೈಕಿಗೆ ಬಂತು. ಅವರ ಪಾಲಿಗೆ ಒಂದು ಕೀಚೈನ್ ಕೂಡ ಉಳಿಯಲಿಲ್ಲ.

ಇಷ್ಟೆಲ್ಲದರ ನಡುವೆ ಒಂದೇ ಒಂದು ಕಂಪನಿ ಸತ್ಯ ನುಡಿದಿದೆ ಎಂದು ನನ್ನ ಗುಮಾನಿ. ತೊಂಬತ್ತರ ದಶಕದಲ್ಲಿ ಜಪಾನಿನ ಸುಜುಕಿಯ ಜೊತೆಗಿದ್ದಾಗ ಹೊಸೂರಿನ ಟಿವಿಎಸ್ ಶೋಗನ್, ಸಮುರಾಯ್ ಎಂಬ ಬೈಕುಗಳನ್ನು ಮಾರುತ್ತಿತ್ತು. ನಡುವೆ ಶಾವೋಲಿನ್ ಕೂಡ ಬಂತು: ಚೀನಾದ ಮಠ, ಜಪಾನಿನ ಎಂಜಿನ್, ತಮಿಳುನಾಡಿನ ಕಾರ್ಖಾನೆ, ಕೋಲಾರದ ಗಿರಾಕಿ. 2001ರಲ್ಲಿ ಸುಜುಕಿ ಬೇರೆಯಾಯಿತು. 2022ರಲ್ಲಿ ಟಿವಿಎಸ್ ತನ್ನ ಹೊಸ ಬೈಕಿಗೆ ಇಟ್ಟ ಹೆಸರು ರೋನಿನ್. ಯಜಮಾನನನ್ನು ಕಳೆದುಕೊಂಡ ಸಮುರಾಯಿಗೆ ಜಪಾನಿನಲ್ಲಿ ಹಾಗೆನ್ನುತ್ತಾರೆ. ಇದನ್ನು ಬೇಕೆಂದೇ ಮಾಡಿದವರು ಯಾರಾದರೂ ಇದ್ದರೆ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಸಲ್ಲಬೇಕು. ಗೊತ್ತಿಲ್ಲದೆ ಆಗಿದ್ದರೆ ಇನ್ನೂ ಚೆನ್ನ.

ಹೀಗೆ ನಕ್ಷತ್ರದಿಂದ, ರಣರಂಗದಿಂದ ಹೊತ್ತು ತಂದ ಹೆಸರುಗಳನ್ನು ಜನ ಏನು ಮಾಡುತ್ತಾರೆ? ಹೀರೋ ಮತ್ತು ಹೋಂಡಾ ಬೇರೆಯಾಗಲು ಒಪ್ಪಿದ್ದು 2010ರ ಕೊನೆಯಲ್ಲಿ. ಹಳ್ಳಿಗಳಲ್ಲಿ ಇಂದಿಗೂ, ಮಕ್ಕಳ ವಿಚ್ಛೇದನ ಒಪ್ಪದ ಹಿರಿಯರಂತೆ, ಎರಡನ್ನೂ ಸೇರಿಸಿಯೇ ಕರೆಯುತ್ತಾರೆ. ಸೆಕೆಂಡ್ ಹ್ಯಾಂಡ್ ದಲ್ಲಾಳಿ "ಯಾವ ಮಾಡೆಲ್?" ಎಂದರೆ ಅವನು ಕೇಳುತ್ತಿರುವುದು ಇಸವಿ. "2019, ಸಿಂಗಲ್ ಓನರ್." "ಎಷ್ಟು ಕೊಡುತ್ತದೆ?" "ನಲವತ್ತೈದು." "ಇನ್ಶೂರೆನ್ಸ್?" "ಈಗತಾನೇ ಮುಗಿಯಿತು." ವ್ಯವಹಾರ ಕುದುರುವವರೆಗೂ ಯಾರ ಬಾಯಲ್ಲೂ ಬೈಕಿನ ಹೆಸರು ಬರುವುದಿಲ್ಲ.

ಕೊಂಡವನು ಮೊದಲು ಟ್ಯಾಂಕಿಗೆ ರೆಕ್ಸಿನ್ ಕವರ್ ಹೊಲಿಸುತ್ತಾನೆ. ಕಂಪನಿಯ ಹೆಸರು ಅದರಡಿಗೆ ಹೋಗುತ್ತದೆ. ಆಮೇಲೆ ಪೇಂಟರನ್ನು ಹುಡುಕಿ, ನಂಬರ್ ಪ್ಲೇಟಿನ ಮೇಲ್ಭಾಗದಲ್ಲಿ 'ಶ್ರೀ ಮಲೆ ಮಹದೇಶ್ವರ ಪ್ರಸನ್ನ' ಎಂದು ಬರೆಸುತ್ತಾನೆ. ಪೊಲೀಸರು ದಂಡ ಹಾಕುವುದು ಇದಕ್ಕೆ.