ಅಜ್ಜ ಅಲ್ಲ, ಮುತ್ತಜ್ಜ

ಲೇಖನ ಚೆನ್ನಾಗಿದೆ ಸರ್. ಆದರೆ ಗ್ರೀಕ್ ಪುರಾಣದ ವೀರ ಪರ್ಸಿಯಸ್ ಇನ್ನೊಬ್ಬ ವೀರ ಹೆರಾಕ್ಲಿಸ್‌ನ ಅಜ್ಜ ಅಂತ ಬರೆದಿದ್ದೀರಿ, ಒಂದು ತಲೆಮಾರು ತಪ್ಪಿದೆ. ಪರ್ಸಿಯಸ್‌ನ ಮಗ ಎಲೆಕ್ಟ್ರಿಯಾನ್, ಅವನ ಮಗಳು ಆಲ್ಕ್‌ಮಿನಿ, ಅವಳ ಮಗ ಹೆರಾಕ್ಲಿಸ್. ಅಂದರೆ ಮುತ್ತಜ್ಜ. ಇಬ್ಬರಿಗೂ ಅಪ್ಪ ಜೀಯಸ್ ದೇವರೇ ಆದ್ದರಿಂದ ಅಣ್ಣತಮ್ಮಂದಿರೂ ಹೌದು, ವಿಚಿತ್ರ ಅಲ್ವಾ!

ಪರ್ಸಿಯಸ್ ಹಾವುಗೂದಲಿನ ರಾಕ್ಷಸಿ ಮೆಡೂಸಾಳ ತಲೆ ಕಡಿದದ್ದು ಎಲ್ಲರಿಗೂ ಗೊತ್ತು. ನನ್ನನ್ನು ಜಾಸ್ತಿ ಕಾಡುವುದು ಲಾರಿಸಾ ಊರಿನ ಆಟದ ಬಯಲು. ಮೊಮ್ಮಗನಿಂದಲೇ ಸಾವು ಅಂತ ಹೆದರಿ ಆರ್ಗೋಸ್ ರಾಜ ಅಕ್ರಿಸಿಯಸ್ ಮಗಳು ಡಾನೆಯನ್ನೂ ಅವಳ ಕೂಸು ಪರ್ಸಿಯಸ್‌ನನ್ನೂ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಬಿಟ್ಟಿದ್ದ. ಎಷ್ಟೋ ವರ್ಷದ ಮೇಲೆ ಆ ಬಯಲಿನ ಆಟದಲ್ಲಿ ಪರ್ಸಿಯಸ್ ಎಸೆದ ಚಕ್ರ (ಡಿಸ್ಕಸ್) ಸುಮ್ನೆ ಆಟ ನೋಡುತ್ತಿದ್ದ ಮುದುಕನ ಕಾಲಿಗೆ ಬಡಿಯಿತು. ಅಲ್ಲೇ ಸತ್ತ. ಅವನೇ ಅಜ್ಜ ಅಕ್ರಿಸಿಯಸ್! ಆ ನಾಚಿಕೆಗೆ ಪರ್ಸಿಯಸ್ ಆರ್ಗೋಸ್ ರಾಜ್ಯ ಬಿಟ್ಟುಕೊಟ್ಟು ಬದಲಿಗೆ ಟಿರಿನ್ಸ್ ರಾಜ್ಯ ತೆಗೆದುಕೊಂಡ. ಇದನ್ನೂ ಸೇರಿಸಬೇಕಿತ್ತು.