ಕೂಪರ್ಸ್‌ಟೌನ್‌ನಲ್ಲಿ ಕಳ್ಕೊಂಡ ಒಂದು ಶೂ

ಅಮೆರಿಕದ ಆಲ್ಬನಿಯಲ್ಲಿರೋ ಮಗನ ಮನೆಗೆ ಹೋಗಿದ್ದಾಗ ಮೊಮ್ಮಗಂದು ಒಂದೇ ಹಠ, ತಾತ ಕೂಪರ್ಸ್‌ಟೌನ್‌ಗೆ ಹೋಗೋಣ ಅಂತ. ಅವನಿಗೆ ಬೇಸ್‌ಬಾಲ್ ಹುಚ್ಚು. ನನಗೆ ಆ ಆಟದ ಬಗ್ಗೆ ಗೊತ್ತಿರೋದು ಇಷ್ಟೇ, ಬ್ಯಾಟು ನಮ್ಮನೆ ಒನಕೆ ಥರ ಇರುತ್ತೆ. ಆದ್ರೂ ಹೊರಟ್ವಿ.

ಎರಡು ಸಾವಿರ ಜನಾನೂ ಇಲ್ಲದ ಹಳ್ಳಿ ಅದು. ವಿಲಿಯಂ ಕೂಪರ್ ಅನ್ನೋರು 1786ರಲ್ಲಿ ಕಟ್ಟಿದ್ದು, ಅವರ ಮಗನೇ ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರ್. ಹಳ್ಳಿ ಅಂದ್ರೆ ಕಾರು ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು ಅಂದ್ಕೊಂಡಿದ್ದು ನಮ್ಮ ತಪ್ಪು. ಜುಲೈ ತಿಂಗಳು, ಮೈನ್ ಸ್ಟ್ರೀಟ್ ಪೂರ್ತಿ ಜಾತ್ರೆ. ಊರಾಚೆ ಕಾರ್ ಬಿಟ್ಟು ಟ್ರಾಲಿ ಬಸ್ಸಲ್ಲಿ ಬಂದ್ವಿ.

ಮೊದಲು ಆಟ್ಸೀಗೋ ಕೆರೆ. ಸಸ್ಕ್ವೆಹಾನಾ ನದಿ ಹುಟ್ಟೋದು ಇಲ್ಲೇ, ಇಲ್ಲಿಂದ ಏಳ್ನೂರು ಕಿಲೋಮೀಟರ್ ಹರಿದು ಚೆಸಪೀಕ್ ಕೊಲ್ಲಿ ಸೇರುತ್ತೆ ಅಂತ ಮಗ ಹೇಳಿದ್ದೇ ತಡ, ನಮ್ಮಾಕೆಗೆ ತಲಕಾವೇರಿ ನೆನಪಾಗಿ "ರೀ, ಸ್ವಲ್ಪ ನೀರು ಪ್ರೋಕ್ಷಣೆ ಮಾಡ್ಕೊಳ್ಳಿ" ಅಂದ್ಲು. ಕೌನ್ಸಿಲ್ ರಾಕ್ ಅನ್ನೋ ದೊಡ್ಡ ಬಂಡೆ ಹತ್ರ ಇಳಿದೆ, ಬಗ್ಗಿದೆ, ಜಾರಿದೆ. ನಾನು ಎದ್ದೆ, ಎಡಗಾಲಿನ ಶೂ ಏಳಲಿಲ್ಲ. ಅದು ಚೆಸಪೀಕ್ ಕಡೆಗೆ ತೇಲ್ಕೊಂಡು ಹೋಗ್ತಾ ಇತ್ತು, ಮೊಮ್ಮಗ ಟಾಟಾ ಮಾಡ್ತಿದ್ದ.

ಸರಿ, ಒಂದು ಜೊತೆ ಚಪ್ಪಲಿ ತಗೊಳ್ಳೋಣ ಅಂತ ಕುಂಟ್ಕೊಂಡು ಮೈನ್ ಸ್ಟ್ರೀಟಿಗೆ ಬಂದ್ರೆ ನಾವು ಹೊಕ್ಕ ಅಂಗಡೀಲೆಲ್ಲಾ ಬ್ಯಾಟು, ಬಾಲು, ಕ್ಯಾಪು, ಆಟಗಾರರ ಸಹಿ ಇರೋ ಕಾರ್ಡು. ಧರ್ಮಸ್ಥಳದ ಬೀದೀಲಿ ಹೋಗಿ ಪೈಪ್ ಫಿಟಿಂಗ್ ಕೇಳಿದ ಹಾಗಾಯ್ತು. ಕೊನೆಗೆ ಸಿಕ್ಕಿದ್ದು ಮೊಣಕಾಲವರೆಗೆ ಬರೋ ಬೇಸ್‌ಬಾಲ್ ಸಾಕ್ಸು. ಅದನ್ನೇ ಏರಿಸ್ಕೊಂಡೆ.

ಇಷ್ಟಕ್ಕೂ ಈ ಜನ ಯಾಕೆ ಬರ್ತಾರೆ ಅಂದ್ರೆ, 1839ರಲ್ಲಿ ಆಬ್ನರ್ ಡಬಲ್‌ಡೇ ಅನ್ನೋನು ಬೇಸ್‌ಬಾಲ್ ಕಂಡುಹಿಡಿದಿದ್ದು ಇಲ್ಲೇ ಅಂತೆ. 1905ರಲ್ಲಿ ಒಂದು ಕಮಿಷನ್ ಕೂತು, ಡೆನ್ವರ್‌ನ ಒಬ್ಬ ಮುದುಕ ಬರೆದ ಕಾಗದ ನಂಬ್ಕೊಂಡು ಹಾಗೆ ತೀರ್ಪು ಕೊಟ್ಟುಬಿಡ್ತು. ಆದ್ರೆ 1839ರಲ್ಲಿ ಡಬಲ್‌ಡೇ ವೆಸ್ಟ್ ಪಾಯಿಂಟ್‌ನಲ್ಲಿ ಮಿಲಿಟರಿ ಟ್ರೇನಿಂಗಲ್ಲಿದ್ದ! ಸಾಯೋವರೆಗೂ ಪಾಪ ನಾನು ಕಂಡುಹಿಡಿದೆ ಅಂತ ಅವನು ಹೇಳ್ಕೊಂಡೂ ಇರಲಿಲ್ಲ. ಆಮೇಲೆ ಪಕ್ಕದ ಫ್ಲೈ ಕ್ರೀಕ್‌ನ ಒಂದು ಮನೇಲಿ ಯಾವುದೋ ಹಳೇ ಹರಕಲು ಚೆಂಡು ಸಿಕ್ತು, ಡಬಲ್‌ಡೇ ಕಾಲದ್ದೇ ಅಂತ ಸ್ಟೀಫನ್ ಕ್ಲಾರ್ಕ್ ಅನ್ನೋ ಶ್ರೀಮಂತರು ಅದನ್ನ ಐದು ಡಾಲರಿಗೆ ಕೊಂಡ್ರು, 1939ರಲ್ಲಿ ಹಾಲ್ ಆಫ್ ಫೇಮ್ ಅನ್ನೋ ಬೇಸ್‌ಬಾಲ್ ಮ್ಯೂಸಿಯಂ ಬಾಗಿಲು ತೆರೀತು. ಕ್ಲಾರ್ಕ್ ಮನೆತನದ ಆಸ್ತಿ ಸಿಂಗರ್ ಹೊಲಿಗೆ ಮಿಶಿನ್ನಿಂದ ಬಂದಿದ್ದು ಅಂತ ಕೇಳಿ ನಮ್ಮಾಕೆ "ಹಾಗಾದ್ರೆ ನಮ್ಮಮ್ಮನ ದುಡ್ಡೂ ಇದರಲ್ಲಿದೆ" ಅಂತ ಟಿಕೆಟ್ ಕೌಂಟರಲ್ಲೇ ರಿಯಾಯಿತಿ ಕೇಳೋ ಮುಖ ಮಾಡಿದ್ಲು.

ಸಾಕ್ಸ್ ಕೊಟ್ಟ ಅಂಗಡಿಯ ಅಜ್ಜನ ಹತ್ರ ನನ್ನ ಪಾಂಡಿತ್ಯ ತೋರಿಸೋಣ ಅಂತ ಈ ವೆಸ್ಟ್ ಪಾಯಿಂಟ್ ವಿಷಯ ಎತ್ತಿದ್ದೆ, ಮಗ ಬೇಡಪ್ಪ ಅಂತ ಕಣ್ಣು ಬಿಡ್ತಿದ್ದ. ಅಜ್ಜ ತಲೆ ಎತ್ತದೇನೇ "ಗೊತ್ತು. ಕ್ಯಾಪ್ ಸೈಜ್ ಎಷ್ಟು?" ಅಂದ. ತಗೊಂಡೆ, ಇನ್ನೇನು ಮಾಡೋದು! ಮ್ಯೂಸಿಯಂನವರೂ ಈಗ ಡಬಲ್‌ಡೇ ಕಂಡುಹಿಡಿದ ಅನ್ನೋದು ಕಟ್ಟುಕತೆ ಅಂತ ಒಪ್ಕೊಂಡಿದ್ದಾರೆ, ಆದ್ರೂ ಊರ ಆಟದ ಮೈದಾನ ಮಾತ್ರ ಡಬಲ್‌ಡೇ ಫೀಲ್ಡೇ. ನಾನಾದ್ರೂ ಯಾವ ಬಾಯಲ್ಲಿ ನಗಲಿ, ನಮ್ಮೂರ ಬಂಡೆ ಮೇಲೆ ಭೀಮನ ಹೆಜ್ಜೆ ಇದೆ, ಅಳತೆ ತಗೊಳ್ಳೋಕೆ ಹೋದೋನಿಗೆ ಊರೋರು ಊಟ ಹಾಕೋದಿಲ್ಲ.

ಸಂಜೆ ಫಾರ್ಮರ್ಸ್ ಮ್ಯೂಸಿಯಂಗೆ ಹೋದ್ರೆ ಅಲ್ಲಿನ್ನೊಬ್ಬ. ಕಾರ್ಡಿಫ್ ಜೈಂಟ್ ಅಂತ, ಹತ್ತಡಿ ಉದ್ದದ ಕಲ್ಲಿನ ಮನುಷ್ಯ. ಜಾರ್ಜ್ ಹಲ್ ಅನ್ನೋನು ಜಿಪ್ಸಂ ಕಲ್ಲಲ್ಲಿ ಕೆತ್ತಿಸಿ, ನೆಂಟನ ಹೊಲದಲ್ಲಿ ಹೂತಿಟ್ಟು, 1869ರಲ್ಲಿ ಬಾವಿ ತೋಡೋ ನೆಪದಲ್ಲಿ ಅಗೆಸಿ, ಪುರಾತನ ದೈತ್ಯ ಅಂತ ಜನರ ಹತ್ರ ದುಡ್ಡು ಕಿತ್ತಿದ್ದ. ಸರ್ಕಸ್ಸಿನ ಬಾರ್ನಮ್‌ಗೆ ಕೊಡಲ್ಲ ಅಂದಿದ್ದಕ್ಕೆ ಆತ ಅದರದ್ದೇ ನಕಲು ಮಾಡಿಸಿ ನಂದೇ ಅಸಲಿ ಅಂತ ಶೋ ಇಟ್ಟ. ಸುಳ್ಳಿಗೂ ಡೂಪ್ಲಿಕೇಟು!

ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಒದ್ದೆ ಸಾಕ್ಸು, ತಲೆ ಮೇಲೆ ಹೊಸ ಕ್ಯಾಪು ಹಾಕ್ಕೊಂಡು ನಾನು ಕಟಕಟೆ ಹಿಡ್ಕೊಂಡು ನಿಂತಿದ್ದೆ. ನಮ್ಮಾಕೆ ಅವನನ್ನೂ ನನ್ನನ್ನೂ ಅಡಿಯಿಂದ ಮುಡಿವರೆಗೆ ನೋಡಿ ಅಂದ್ಲು, "ನಿಮಗೆ ಒಂದಾದ್ರೂ ಉಳಿದಿದೆ ಬಿಡ್ರೀ, ಪಾಪ ಅವನಿಗೆ ಎರಡೂ ಇಲ್ಲ."